ಮೊದಲು ಕಾಲನ್ನು ಮುಟ್ಟಿ ನೋಡಿದರು: ಉಡುಪಿಯ ಒಂದು ಪಾದ ತಪಾಸಣೆ, ಒಂದು ಜೊತೆ ಎಂಸಿಆರ್ ಚಪ್ಪಲಿ

2024ರ ನವರಾತ್ರಿಯ ಹೊತ್ತಿಗೆ ಮಲ್ಲಿಗೆ ಕಟ್ಟುವ ನನ್ನ ಬೆರಳಿನಿಂದ ಬಾಳೆ ನಾರು ಜಾರತೊಡಗಿತು. ಉಡುಪಿ ಬಳಿಯ ಶಂಕರಪುರದ ಆಸುಪಾಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಮಲ್ಲಿಗೆಯನ್ನು ಎಣಿಸಿ ಕಟ್ಟುತ್ತಾರೆ. 800 ಮೊಗ್ಗಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಬೆಳಗಿನ ಜಾವ ಕೊಯ್ದ ಮೊಗ್ಗನ್ನು ಹೊತ್ತೇರುವ ಮುನ್ನ ಕಟ್ಟಿ, ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ನಾರಿನ ಸುತ್ತು ಎಷ್ಟು ಬಿಗಿಯಾದರೆ ತೊಟ್ಟು ತುಂಡಾಗುತ್ತದೆ, ಎಷ್ಟು ಸಡಿಲವಾದರೆ ಮೊಗ್ಗು ಉದುರುತ್ತದೆ ಎಂಬುದನ್ನು ಮೂವತ್ತು ವರ್ಷಗಳಿಂದ ನನಗೆ ಬೆರಳ ತುದಿಯೇ ಹೇಳುತ್ತಿತ್ತು. ಕಣ್ಣು ಬಾಗಿಲ ಕಡೆಗೋ ಒಲೆಯ ಕಡೆಗೋ ಇದ್ದರೂ ಕೈ ತನ್ನಷ್ಟಕ್ಕೆ ಕಟ್ಟುತ್ತಿತ್ತು. ಆ ನವರಾತ್ರಿಯಲ್ಲಿ ಮೊದಲ ಸಲ ನಾನು ಪ್ರತಿ ಸುತ್ತನ್ನೂ ನೋಡಿ ನೋಡಿ ಕಟ್ಟಿದೆ. ಮಡಿಲ ತುಂಬ ತುಂಡಾದ ತೊಟ್ಟುಗಳು.

ಕಾಲಿನಲ್ಲಿ ಜುಮುಜುಮು ಅದಕ್ಕೂ ಮೊದಲೇ, ತುಳುವರ ಆಟಿ ತಿಂಗಳ ಮಳೆಯಲ್ಲಿ ಶುರುವಾಗಿತ್ತು. ರಾತ್ರಿ ಮಲಗಿದರೆ ಹೆಬ್ಬೆರಳಿನಿಂದ ಪಾದದ ನಡುವಿನವರೆಗೆ ಇರುವೆ ಹರಿದ ಹಾಗೆ. ಎದ್ದು ನಿಂತರೆ ಗೋಣಿಚೀಲದ ಮೇಲೆ ನಿಂತ ಹಾಗೆ. ನನಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದದ್ದು 2014ರಲ್ಲಿ. ಆಗಿನಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದೇನೆ. ಮೊದಲು ದಿನಕ್ಕೆ ಎರಡು ಸಲ 500 ಮಿಲಿಗ್ರಾಂ, 2018ರಿಂದ ಎರಡು ಸಲ 1000. ಪಥ್ಯದಲ್ಲಿ ನಾನು ಕಟ್ಟುನಿಟ್ಟು. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಆಗ 6.9, ಹಿಡಿತದಲ್ಲೇ ಇತ್ತು. ಹೀಗಿದ್ದೂ ಕಾಲು ಜೋಮು ಹಿಡಿಯುವುದೇಕೆ ಎಂದು ಒಬ್ಬ ವೈದ್ಯರಲ್ಲಿ ಕೇಳಿದೆ. "ಸಕ್ಕರೆಯವರಿಗೆ ಇದೆಲ್ಲ ಇದ್ದದ್ದೇ" ಎಂದು ಹತ್ತು ದಿನದ ಬಿ ಕಾಂಪ್ಲೆಕ್ಸ್ ಮಾತ್ರೆ ಬರೆದುಕೊಟ್ಟರು. ನಾನು ಚಪ್ಪಲಿಯನ್ನೂ ಬಿಚ್ಚಿರಲಿಲ್ಲ, ಅವರು ಬಿಚ್ಚಲು ಹೇಳಲೂ ಇಲ್ಲ. ಆಮೇಲೆ ನೆರೆಯವರ ಜೊತೆ ಒಂದು ಸಭಾಭವನದಲ್ಲಿ ನಡೆಯುತ್ತಿದ್ದ ಉಚಿತ ಶಿಬಿರಕ್ಕೂ ಹೋದೆ. ನಡುಗುವ ಯಂತ್ರದ ಮೇಲೆ ಅರ್ಧ ಗಂಟೆ ಪಾದ ಇಟ್ಟು ಕುಳಿತುಕೊಳ್ಳಬೇಕು. ಹದಿನೈದು ದಿನ ಹೋದೆ. ಹಿತವೆನಿಸುತ್ತಿತ್ತು, ಗುಣವೇನೂ ಆಗಲಿಲ್ಲ. ಕೊನೆಯ ದಿನ ಯಂತ್ರವನ್ನು ಕೊಳ್ಳಿರೆಂದು ಒತ್ತಾಯ ಮಾಡಿದಾಗ ಬೇಸರವಾಗಿ ಬಂದುಬಿಟ್ಟೆ.

ನರಕ ಚತುರ್ದಶಿಯ ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಕುಳಿತೆ. ಹಂಡೆಯ ನೀರು ಕುದಿಯುತ್ತಿತ್ತು. ವಾಡಿಕೆಯಂತೆ ಮೊದಲ ಚೊಂಬನ್ನು ಕಾಲಿಗೆ ಹೊಯ್ದುಕೊಂಡೆ, ಏನೂ ಅನಿಸಲಿಲ್ಲ. ಎರಡನೆಯದನ್ನೂ ಹೊಯ್ದೆ. ಮಧ್ಯಾಹ್ನ ಊಟಕ್ಕೆ ಎಲೆ ಹಾಕುವಾಗ ಸೊಸೆ, "ಅತ್ತೆ, ಕಾಲಿಗೆ ಏನಾಯಿತು?" ಎಂದಾಗಲೇ ನಾನು ನೋಡಿದ್ದು. ಎಡಪಾದದ ಮೇಲೆ ಗೋಟಡಿಕೆ ಗಾತ್ರದ ನೀರ್ಗುಳ್ಳೆ. ನೋವಿಲ್ಲ. ನೋವಿಲ್ಲವಲ್ಲ ಎಂಬುದೇ ಆ ದಿನ ನನ್ನನ್ನು ಹೆದರಿಸಿದ್ದು. ಹಬ್ಬ ಮುಗಿಯುತ್ತಿದ್ದಂತೆ ಸೊಸೆ ನನ್ನನ್ನು ಉಡುಪಿಗೆ ಕರೆದುಕೊಂಡು ಹೋದಳು.

ನಾನು ಹೇಳಹೊರಟಿರುವುದು ಆ ಚಿಕಿತ್ಸಾಲಯದ ಪಾದ ತಪಾಸಣೆಯ ಬಗ್ಗೆ, ಅಲ್ಲಿ ಮಾಡಿಸಿಕೊಂಡ ಚಪ್ಪಲಿಯ ಬಗ್ಗೆ. ಸಿಟಿ ಬಸ್ ನಿಲ್ದಾಣದಿಂದ ನಡೆದುಹೋಗುವಷ್ಟು ಹತ್ತಿರ. ಹೆಸರು ಹಾಕುತ್ತಿಲ್ಲ, ಒಬ್ಬ ವೈದ್ಯೆ, ಇಬ್ಬರು ದಾದಿಯರು ನಡೆಸುವ ಸಣ್ಣ ಜಾಗ ಅದು, ನಾನು ಕೊರತೆಗಳನ್ನೂ ಬರೆಯಲಿದ್ದೇನೆ. ಇಂಥ ತಪಾಸಣೆ ಬೇರೆ ಕಡೆಯೂ ಸಿಗುತ್ತದೆ. ಅಲ್ಲಿ ಏನೇನು ಮಾಡಿದರು ಎಂದು ಗೊತ್ತಿದ್ದರೆ ನೀವು ಹೋದಲ್ಲಿ ಕೇಳಿ ಮಾಡಿಸಿಕೊಳ್ಳಬಹುದು.

ಮೊದಲು ಒಂದು ಆಕ್ಷೇಪ. ಚಿಕಿತ್ಸಾಲಯ ಇರುವುದು ಮೊದಲ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಮೆಟ್ಟಿಲು ಕಡಿದು, ಒಂದು ಕಡೆ ಮಾತ್ರ ಹಿಡಿದುಕೊಳ್ಳುವ ಕಂಬಿ. ಕಾಲಿನ ಕೆಳಗೆ ಮೆಟ್ಟಿಲು ಇದೆಯೋ ಇಲ್ಲವೋ ತಿಳಿಯದವರೇ ಬರುವ ಜಾಗಕ್ಕೆ ಇದು ಸರಿಯಲ್ಲ. ನಾನು ಸೊಸೆಯ ಭುಜ ಹಿಡಿದು ಹತ್ತಿದೆ. ನನ್ನ ಮುಂದೆ ಇದ್ದ ಹಿರಿಯರೊಬ್ಬರು ಪ್ರತಿ ಮೆಟ್ಟಿಲಿನಲ್ಲೂ ನಿಂತು ಕೆಳಗೆ ನೋಡಿ ಹೆಜ್ಜೆ ಇಡುತ್ತಿದ್ದರು. ಇದನ್ನು ವೈದ್ಯೆಗೆ ನೇರವಾಗಿಯೇ ಹೇಳಿದ್ದೇನೆ. ಹತ್ತೂವರೆಗೆ ಬರಲು ಹೇಳಿ ಹನ್ನೆರಡೂಮುಕ್ಕಾಲಿಗೆ ಒಳಗೆ ಕರೆದರು ಎಂಬುದೂ ನಿಜ. ಆದರೆ ಒಳಗೆ ಹೋದ ಮೇಲೆ ಅಷ್ಟು ಹೊತ್ತು ಕಾಯಿಸಿದ್ದೇಕೆ ಎಂದು ಅರ್ಥವಾಯಿತು. ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆ ಕೊಡುತ್ತಾರೆ.

ದಾದಿ ನನ್ನ ಎರಡೂ ಪಾದಗಳನ್ನು ತನ್ನ ಮಡಿಲಿನ ಬಟ್ಟೆಯ ಮೇಲೆ ಇಟ್ಟುಕೊಂಡು ಶುರು ಮಾಡಿದಳು. ಮಗಳ ವಯಸ್ಸಿನ ಹುಡುಗಿ ನನ್ನ ಕಾಲು ಹಿಡಿಯುವುದು ನನಗೆ ಸಂಕೋಚವಾಗಿ ಹಿಂದಕ್ಕೆಳೆದುಕೊಂಡೆ. "ಇರಲಿ ಅಮ್ಮ, ನನ್ನ ಕೆಲಸವೇ ಇದು" ಎಂದಳು. ಬೆರಳುಗಳ ಸಂದನ್ನು ಒಂದೊಂದಾಗಿ ಬಿಡಿಸಿ ದೀಪ ಹಿಡಿದು ನೋಡಿದಳು. ಬಲಗಾಲಿನ ಕಿರುಬೆರಳ ಸಂದಿನಲ್ಲಿ ಚರ್ಮ ಬೆಳ್ಳಗೆ ನೆನೆದು ಸೀಳಿತ್ತು. ತೋಟದ ಒದ್ದೆಯಲ್ಲಿ ಓಡಾಡುವ ನನಗೆ ಅದು ಇರುವುದೇ ಗೊತ್ತಿರಲಿಲ್ಲ. ಹಿಮ್ಮಡಿಯ ಒಡಕು, ಹೆಬ್ಬೆರಳ ಕೆಳಗಿನ ಆಣಿ, ಸುಟ್ಟ ಗುಳ್ಳೆ, ಎಲ್ಲವನ್ನೂ ಪಾದದ ಚಿತ್ರವಿರುವ ಒಂದು ಹಾಳೆಯಲ್ಲಿ ಗುರುತು ಹಾಕಿದಳು. ಪಾದದ ಮೇಲೆ, ಕಣಕಾಲಿನ ಒಳಬದಿಯಲ್ಲಿ ಬೆರಳಿಟ್ಟು ನಾಡಿ ನೋಡಿದಳು. ತೋಳಿನಲ್ಲಿ ನೋಡುವಂತೆ ಕಣಕಾಲಿನಲ್ಲೂ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದಳು. ಕಣಕಾಲಿನದನ್ನು ತೋಳಿನದರಿಂದ ಭಾಗಿಸಿ ಬರುವ ಸಂಖ್ಯೆ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಲಿನ ರಕ್ತನಾಳ ಕಟ್ಟಿಕೊಂಡಿರಬಹುದಂತೆ. ನನ್ನದು 1.1. ರಕ್ತ ಚೆನ್ನಾಗಿ ಓಡುತ್ತಿದೆ, ತೊಂದರೆ ನರದ್ದು ಎಂದು ಅಲ್ಲಿಗೆ ಒಂದು ಅನುಮಾನ ಕಳೆಯಿತು.

ಆಮೇಲಿನದ್ದನ್ನು ವೈದ್ಯೆಯೇ ಮಾಡಿದರು. ಪೆನ್ನಿನಂಥ ಹಿಡಿಕೆಯ ತುದಿಯಲ್ಲಿ ಮೀನಿನ ಗಾಳದ ದಾರದಂಥ ಒಂದು ನೈಲಾನ್ ಎಳೆ. ಚರ್ಮಕ್ಕೆ ಒತ್ತಿದಾಗ ಸರಿಯಾಗಿ 10 ಗ್ರಾಂ ಒತ್ತಡಕ್ಕೆ ಅದು ಬಾಗುತ್ತದೆ. ಮೊದಲು ನನ್ನ ಮೊಣಕೈ ಮೇಲೆ ಮುಟ್ಟಿಸಿ ಹೇಗಿರುತ್ತದೆಂದು ತೋರಿಸಿದರು. "ಅಮ್ಮ, ಈಗ ಕಣ್ಣು ಮುಚ್ಚಿಕೊಳ್ಳಿ. ಮುಟ್ಟಿದ್ದು ತಿಳಿದರೆ ಹೌದು ಎನ್ನಿ, ಯಾವ ಕಾಲು ಎಂದೂ ಹೇಳಿ." ನಾನು ಕಣ್ಣು ಮುಚ್ಚಿ ಕುಳಿತೆ. ಹೌದು, ಬಲಗಾಲು. ಹೌದು, ಬಲಗಾಲು. ಮತ್ತೆ ತುಂಬ ಹೊತ್ತು ಏನೂ ಇಲ್ಲ. ಹೊರಗೆ ಬಸ್ಸಿನ ಹಾರ್ನ್ ಕೇಳುತ್ತಿತ್ತು. ಬಹುಶಃ ಬರೆದುಕೊಳ್ಳುತ್ತಿದ್ದಾರೆ ಎಂದುಕೊಂಡೆ. ಸೊಸೆ ಉಸಿರೆಳೆದುಕೊಂಡ ಸದ್ದು ಕೇಳಿ ಕಣ್ಣು ತೆರೆದೆ. ಎಳೆ ನನ್ನ ಎಡಗಾಲಿನ ಹೆಬ್ಬೆರಳಿನ ಮೇಲೆ ಬಿಲ್ಲಿನ ಹಾಗೆ ಬಾಗಿ ನಿಂತಿತ್ತು. ನನ್ನದೇ ಬೆರಳು, ನನ್ನ ಕಣ್ಣೆದುರಿಗೆ, ಮುಟ್ಟಿದ್ದು ನನಗೆ ತಿಳಿಯುತ್ತಿಲ್ಲ. ಆ ಕ್ಷಣವನ್ನು ನಾನು ಮರೆಯಲಾರೆ. ಆಟಿಯಿಂದ ದೀಪಾವಳಿಯವರೆಗೆ ನಾನು ಹೇಳುತ್ತಲೇ ಬಂದ ಮಾತಿಗೆ ಅದು ಮೊದಲ ಸಾಕ್ಷಿ.

128 ಹರ್ಟ್ಸ್‌ನ ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ತಟ್ಟಿ ಹೆಬ್ಬೆರಳ ಎಲುಬಿನ ಮೇಲೆ ಇಟ್ಟರು. ಗುಂಯ್ ಎನ್ನುವುದು ಯಾವಾಗ ನಿಂತಿತೆಂದು ಹೇಳಬೇಕು. ಎಡಗಾಲಿನಲ್ಲಿ ಅದು ಶುರುವಾದದ್ದೇ ನನಗೆ ತಿಳಿಯಲಿಲ್ಲ. ಬಯೋಥೀಸಿಯೋಮೀಟರ್ ಎಂಬ ಯಂತ್ರದಲ್ಲಿ ಇದನ್ನೇ ಅಂಕಿಯಲ್ಲಿ ಅಳೆಯುತ್ತಾರೆ: ನಡುಕವನ್ನು ವೋಲ್ಟ್ ಲೆಕ್ಕದಲ್ಲಿ ಏರಿಸುತ್ತಾ ಹೋಗಿ ಎಷ್ಟಕ್ಕೆ ತಿಳಿಯಿತು ಎಂದು ನೋಡುತ್ತಾರೆ. 25 ದಾಟಿದರೆ ಪಾದಕ್ಕೆ ಹುಣ್ಣಾಗುವ ಅಪಾಯ ಹೆಚ್ಚು. ನನ್ನ ಬಲಗಾಲು 21, ಎಡಗಾಲು 28.

ಇಷ್ಟರಲ್ಲೇ ನಿಲ್ಲಿಸಿ "ಸಕ್ಕರೆಯ ನರಹಾನಿ" ಎಂದು ಬರೆದು ಕಳುಹಿಸಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ವೈದ್ಯೆ ಕುರ್ಚಿ ಎಳೆದುಕೊಂಡು ಕುಳಿತು ಕೇಳತೊಡಗಿದರು. ಕೈ ಯಾವಾಗ ಶುರುವಾಯಿತು? ಕಾಲು ಶುರುವಾದ ಎರಡು ತಿಂಗಳಿಗೆ ಎಂದೆ. ಸಕ್ಕರೆಯಿಂದ ಬರುವುದಾದರೆ ಅದು ಸಾಮಾನ್ಯವಾಗಿ ಕಾಲ್ಬೆರಳಿನಿಂದ ಮೆಲ್ಲಮೆಲ್ಲನೆ ಮೇಲೇರುತ್ತದೆ, ಮೊಣಕಾಲಿನ ಹತ್ತಿರಕ್ಕೆ ಬರುವ ಹೊತ್ತಿಗೆ ಕೈಬೆರಳಿಗೆ ಬರುತ್ತದೆ; ಪಾದದಲ್ಲೇ ಇರುವಾಗ ಕೈಗೂ ಬಂತೆಂದರೆ ಬೇರೆ ಕಾರಣವನ್ನೂ ಹುಡುಕಬೇಕು ಎಂದರು. ಮೀನು, ಮೊಟ್ಟೆ ತಿನ್ನುತ್ತೀರಾ? ನಮ್ಮ ಮನೆಯಲ್ಲಿ ಇಲ್ಲ. ಹಾಲು? ಮೂರು ವರ್ಷದಿಂದ ಬಿಟ್ಟಿದ್ದೇನೆ. ಹಾಲಿನಿಂದ ಸಕ್ಕರೆ ಏರುತ್ತದೆಂದು ಯಾರೋ ಮೊಬೈಲಿನಲ್ಲಿ ಹೇಳಿದ್ದನ್ನು ನಂಬಿ ಬರೀ ಕಪ್ಪು ಕಾಫಿ ಕುಡಿಯುತ್ತಿದ್ದೆ. ಕುಚ್ಚಲಕ್ಕಿ ಗಂಜಿ, ಚಟ್ನಿ, ಸೊಪ್ಪಿನ ಸಾರು. ಮಜ್ಜಿಗೆಯೂ ನೀರಿನಂತೆ ತೆಳ್ಳಗೆ. ಬೇರೆ ಮಾತ್ರೆ? ಹೊಟ್ಟೆಯುರಿಗೆ ಪ್ಯಾಂಟೊಪ್ರಜೋಲ್, ದಿನವೂ ಬೆಳಿಗ್ಗೆ.

"ನಾಲಗೆ ತೋರಿಸಿ ಅಮ್ಮ."

ಕಾಲಿಗೆ ಬಂದವಳ ನಾಲಗೆ ಏಕೆ ಎಂದು ನನಗೆ ಆಶ್ಚರ್ಯ. ಕೆಂಪಗೆ, ನುಣ್ಣಗೆ ಇತ್ತಂತೆ. ಹಲವು ತಿಂಗಳುಗಳಿಂದ ಸಾರಿನ ಖಾರ ತಾಳಲಾರದೆ ಮೆಣಸು ಕಡಿಮೆ ಮಾಡಿಸಿದ್ದೆ. ಸೊಸೆ ಆ ಮಾತನ್ನು ಅಲ್ಲಿ ಹೇಳಿದಳು. ವೈದ್ಯೆ ನನ್ನ ಹಳೆಯ ರಕ್ತಪರೀಕ್ಷೆಯ ಹಾಳೆಗಳನ್ನು ತಿರುವಿ ಒಂದು ಸಾಲಿನ ಕೆಳಗೆ ಗೆರೆ ಎಳೆದರು. ಎಂಸಿವಿ 103. ಕೆಂಪು ರಕ್ತಕಣಗಳು ಇರಬೇಕಾದ್ದಕ್ಕಿಂತ ದೊಡ್ಡದಾಗಿವೆ ಎಂದು ಅದರ ಅರ್ಥ. ಆ ಹಾಳೆ ಒಂದು ವರ್ಷದಿಂದ ನನ್ನ ಚೀಲದಲ್ಲೇ ಇತ್ತು. ನಾನು ಅದನ್ನು ಇಬ್ಬರಿಗೆ ತೋರಿಸಿದ್ದೆ. ಇಬ್ಬರೂ ಸಕ್ಕರೆಯ ಅಂಕಿಯನ್ನಷ್ಟೇ ನೋಡಿ ಮಡಚಿಕೊಟ್ಟಿದ್ದರು.

ಬಿ12 ಜೀವಸತ್ವ, ಥೈರಾಯ್ಡ್, ಮೂತ್ರಪಿಂಡದ ಪರೀಕ್ಷೆ ಬರೆದುಕೊಟ್ಟರು. ಎರಡು ದಿನದಲ್ಲಿ ಫಲಿತಾಂಶ ಬಂತು. ಥೈರಾಯ್ಡ್ ಸರಿ, ಮೂತ್ರಪಿಂಡ ಸರಿ. ಬಿ12 ಮಾತ್ರ 138. 200ಕ್ಕಿಂತ ಕೆಳಗಿದ್ದರೆ ಕೊರತೆ. ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ, ಅದರಲ್ಲೂ ಹೆಚ್ಚಿನ ಪ್ರಮಾಣದಲ್ಲಿ ತೆಗೆದುಕೊಳ್ಳುವವರಲ್ಲಿ ಸಣ್ಣ ಕರುಳು ಬಿ12 ಅನ್ನು ಹೀರಿಕೊಳ್ಳುವುದು ಕುಗ್ಗಬಹುದು. ಪ್ಯಾಂಟೊಪ್ರಜೋಲ್‌ನಂಥ, ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆಯನ್ನು ಬಹುಕಾಲ ನುಂಗಿದರೆ ಆಹಾರದಿಂದ ಬಿ12 ಬಿಡುಗಡೆಯಾಗುವುದೇ ಕಡಿಮೆಯಾಗುತ್ತದೆ. ಸಸ್ಯಾಹಾರಿಗಳಿಗೆ ಅದು ಸಿಗುವುದು ಮುಖ್ಯವಾಗಿ ಹಾಲು, ಮೊಸರಿನಿಂದ. ನಾನು ಮೂರು ಬಾಗಿಲನ್ನೂ ಮುಚ್ಚಿಕೊಂಡು ಕುಳಿತಿದ್ದೆ. ಹಾಲು ಬಿಟ್ಟದ್ದನ್ನು ಪಥ್ಯವೆಂದು ನಂಬಿ ನೆರೆಕರೆಯ ನಾಲ್ಕಾರು ಮಂದಿಗೆ ಹೇಳಿಯೂ ಇದ್ದೆ. ಈಗ ಅವರ ಮನೆಗೆ ಹೋಗಿ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡು ಬಂದಿದ್ದೇನೆ.

ವೈದ್ಯೆಯ ಇನ್ನೊಂದು ಗುಣವನ್ನು ಹೇಳಲೇಬೇಕು: ಪೂರ್ತಿ ಗುಣವಾಗುತ್ತದೆ ಎಂದು ಮಾತು ಕೊಡಲಿಲ್ಲ. "ಬಿಸಿ ತಿಳಿಯದಿರುವುದರಲ್ಲಿ ಸಕ್ಕರೆಯ ಪಾಲೂ ಇರಬಹುದು. ಬಿ12ರಿಂದ ಆದದ್ದು ಹಿಂದಿರುಗುವ ಸಾಧ್ಯತೆ ಇದೆ, ಬೇಗ ಹಿಡಿದಷ್ಟೂ ಒಳ್ಳೆಯದು. ಸಕ್ಕರೆಯಿಂದ ಆದದ್ದನ್ನು ಮುಂದೆ ಹೋಗದಂತೆ ತಡೆಯಬಹುದು. ಎರಡರ ಪಾಲು ಎಷ್ಟೆಷ್ಟು ಎಂದು ಆರು ತಿಂಗಳು ಕಳೆದ ಮೇಲೆ ನೋಡೋಣ" ಎಂದರು. ಮೆಟ್‌ಫಾರ್ಮಿನ್ ನಿಲ್ಲಿಸಲಿಲ್ಲ, ನೀವಾಗಿಯೇ ನಿಲ್ಲಿಸಕೂಡದು ಎಂದು ಎರಡು ಸಲ ಹೇಳಿದರು. ಪ್ಯಾಂಟೊಪ್ರಜೋಲ್ ದಿನವೂ ಬೇಡ, ಬೇಕಾದಾಗ ಮಾತ್ರ ಎಂದರು. 1000 ಮೈಕ್ರೋಗ್ರಾಂನ ಬಿ12 ಚುಚ್ಚುಮದ್ದು ಮೊದಲ ಎರಡು ವಾರ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಈಗ ತಿಂಗಳಿಗೊಂದು. ರಾತ್ರಿಯ ಕಾಲಿನ ಉರಿಗೆ ಪ್ರೆಗಾಬಾಲಿನ್ 75 ಮಿಲಿಗ್ರಾಂ ಮಾತ್ರೆ. ಅದು ನನಗೆ ಬೆಳಗಿನವರೆಗೂ ಮಂಪರು ತರುತ್ತಿತ್ತು. ಕರೆ ಮಾಡಿ ಹೇಳಿದಾಗ ಮಲಗುವ ಹೊತ್ತಿನ ಬದಲು ಸಂಜೆಯೇ ತೆಗೆದುಕೊಳ್ಳಲು ಹೇಳಿದರು, ಸರಿಹೋಯಿತು. ಕರೆ ಮಾಡಿದರೆ ಎತ್ತುತ್ತಾರೆ ಎಂಬುದೂ ಸಣ್ಣ ಮಾತಲ್ಲ.

ಇನ್ನು ಚಪ್ಪಲಿ. ಎಂಸಿಆರ್ ಎಂದರೆ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ಮೆತ್ತನೆಯ ರಬ್ಬರು. ಪಾದ ತಾಗುವ ಪದರ ಅದರದ್ದು, ಕೆಳಗಿನದು ಮುಳ್ಳು ನುಸುಳದಷ್ಟು ಗಟ್ಟಿ. ಎಲ್ಲಿಯೂ ಮೊಳೆ ಹೊಡೆಯುವುದಿಲ್ಲ, ಅಂಟಿಸಿ ಹೊಲಿಯುತ್ತಾರೆ. ಹೆಬ್ಬೆರಳಿಗೆ ಸಿಕ್ಕಿಸುವ ಉಂಗುಷ್ಠ ಇಲ್ಲ. ಮುಂದೆ ಎರಡು ಅಗಲ ಪಟ್ಟಿ, ಹಿಮ್ಮಡಿಯ ಹಿಂದೆ ಒಂದು ಪಟ್ಟಿ. ಜೋಮು ಹಿಡಿದ ಕಾಲಿನಿಂದ ಚಪ್ಪಲಿ ಕಳಚಿದರೂ ಗೊತ್ತಾಗುವುದಿಲ್ಲ, ಅದಕ್ಕೇ ಹಿಂದಿನ ಪಟ್ಟಿ ಎಂದರು. ನಿಜ, ಅದಕ್ಕೂ ಮೊದಲು ಒಂದು ಸಲ ಕಟಪಾಡಿಯಲ್ಲಿ ಬಸ್ ಇಳಿದು ಇಪ್ಪತ್ತು ಹೆಜ್ಜೆ ನಡೆದ ಮೇಲೆ ಯಾರೋ ಕೂಗಿ ಹೇಳಿದ್ದರಿಂದ ನನ್ನ ಎಡಗಾಲು ಬರಿಗಾಲೆಂದು ತಿಳಿದಿತ್ತು. ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಗೆರೆ ಎಳೆದು ಅಳತೆ ತೆಗೆದುಕೊಂಡರು, ಅದೂ ಸಂಜೆ ಹೊತ್ತಿನಲ್ಲಿ. ಹಗಲೆಲ್ಲ ಓಡಾಡಿದ ಕಾಲು ಸಂಜೆಗೆ ತುಸು ಊದಿಕೊಂಡಿರುತ್ತದೆ ಎಂದು.

ಆಗ ಬೆಲೆ 1,450 ರೂಪಾಯಿ ಇತ್ತು. ಹತ್ತು ದಿನ ಎಂದು ಹೇಳಿ ಮೂರು ವಾರಕ್ಕೆ ಕೊಟ್ಟರು. ಮೊದಲ ದಿನ ಒಂದು ಗಂಟೆ, ಮರುದಿನ ಎರಡು ಗಂಟೆ ಹೀಗೆ ಹಾಕಿಕೊಂಡು ಪ್ರತಿ ಸಲ ಬಿಚ್ಚಿದ ಮೇಲೆ ಕೆಂಪಾಗಿದೆಯೇ ಎಂದು ನೋಡಿಕೊಳ್ಳಲು ಹೇಳಿದ್ದರು. ಮನೆಯೊಳಗೆ, ಅಂಗಳದಲ್ಲಿ, ಪೇಟೆಯಲ್ಲಿ ಬಹಳ ಒಳ್ಳೆಯದು. ಆಣಿಯ ಮೇಲೆ ಬೀಳುತ್ತಿದ್ದ ಭಾರ ಹರಡಿಹೋಗಿ ಅದು ಅರ್ಧಕ್ಕರ್ಧ ತಗ್ಗಿದೆ. ಆದರೆ ಇದನ್ನು ಮಾಡಿದವರು ನಮ್ಮ ಕಡೆಯ ಮಳೆಗಾಲವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ. ಪಟ್ಟಿ ಅಂಟಿಸುವ ವೆಲ್ಕ್ರೋದಲ್ಲಿ ಕೆಂಪು ಮಣ್ಣು, ಹುಲ್ಲಿನ ಬೀಜ ತುಂಬಿ ಜೂನ್ ಮುಗಿಯುವ ಮೊದಲೇ ಹಿಡಿತ ಬಿಟ್ಟಿತು. ಪಟ್ಟಿಯ ಒಳಗಿನ ಬಟ್ಟೆ ಒದ್ದೆಯಾದರೆ ಎರಡು ದಿನ ಒಣಗುವುದಿಲ್ಲ. ಬೆರಳ ಸಂದು ಒಣಗಿರಲಿ ಎಂದು ಹೇಳುವವರೇ ಒದ್ದೆ ಪಟ್ಟಿಯ ಚಪ್ಪಲಿ ಕೊಟ್ಟರೆ ಹೇಗೆ? ನಾನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ವೆಲ್ಕ್ರೋ ಉಜ್ಜಿ, ಬಚ್ಚಲೊಲೆಯ ಬಳಿ (ತೀರ ಹತ್ತಿರ ಅಲ್ಲ) ಇಟ್ಟು ಒಣಗಿಸಿ ಹೇಗೋ ದಾಟಿಸಿದೆ. ತೋಟಕ್ಕೆ ಹೋಗುವಾಗ ಮಾತ್ರ ಬೇರೆಯ ಮುಚ್ಚಿದ ರಬ್ಬರ್ ಬೂಟು, ಒಳಗೆ ಹತ್ತಿಯ ಕಾಲುಚೀಲ. ಹಾಕುವ ಮುನ್ನ ಪ್ರತಿ ಸಲ ಕೈ ಹಾಕಿ ಒಳಗೆ ಕಲ್ಲೋ ಕಡ್ಡಿಯೋ ಇದೆಯೇ ಎಂದು ನೋಡುತ್ತೇನೆ.

ದೇವಸ್ಥಾನದ ಪ್ರಶ್ನೆಯನ್ನು ನಾನೇ ಎತ್ತಿದೆ. ಕೃಷ್ಣ ಮಠಕ್ಕೆ ಹೋಗುವವರು ಚಪ್ಪಲಿ ಬಿಡಲೇಬೇಕು, ಬೇಸಿಗೆಯ ಮಧ್ಯಾಹ್ನ ರಥಬೀದಿ ಕಾದ ಕಾವಲಿಯೇ. ವೈದ್ಯೆ ಹೋಗಬೇಡಿ ಎನ್ನಲಿಲ್ಲ. ಬೆಳಗಿನ ಪೂಜೆಯ ಹೊತ್ತಿಗೆ ಹೋಗಿ, ನೆಲ ತಂಪಿರುವಾಗ. ಬಂದ ಮೇಲೆ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ ಎಂದರು. ಅದಕ್ಕಾಗಿ ಸೊಸೆ ಒಂದು ಸಣ್ಣ ಕನ್ನಡಿ ತಂದು ನನ್ನ ಮಂಚದ ಬಳಿ ಇಟ್ಟಿದ್ದಾಳೆ. ಸ್ನಾನದ ನೀರನ್ನು ಈಗ ಮೊದಲು ಅವಳ ಕೈ ಮುಟ್ಟುತ್ತದೆ.

ಖರ್ಚಿನ ಲೆಕ್ಕ ಕೇಳುವವರಿಗೆ: ಸಲಹೆಗೆ 400, ಪಾದ ತಪಾಸಣೆಗೆ 600, ಹೊರಗಿನ ಪ್ರಯೋಗಾಲಯದಲ್ಲಿ ರಕ್ತಪರೀಕ್ಷೆಗೆ ಎಲ್ಲ ಸೇರಿ ಎರಡು ಸಾವಿರದ ಆಸುಪಾಸು ನನಗೆ ಆಗ ಆಗಿತ್ತು. ಚುಚ್ಚುಮದ್ದು ಅಗ್ಗ, ಅದನ್ನು ಊರಿನಲ್ಲೇ ಹಾಕಿಸಿಕೊಂಡೆ. ಕೊಟ್ಟ ಹಣಕ್ಕೆ ಮೋಸವಿಲ್ಲ. ಪಾದದ ಆರೈಕೆಯ ಸೂಚನೆಗಳನ್ನು ಕನ್ನಡದಲ್ಲೇ ಅಚ್ಚು ಹಾಕಿಸಿ ಕೊಡುತ್ತಾರೆ, ಆದರೆ ಅಕ್ಷರ ಎಷ್ಟು ಚಿಕ್ಕದೆಂದರೆ ಸಕ್ಕರೆಯಿಂದ ಕಣ್ಣು ಮಂಜಾದವರು ಓದುವ ಹಾಗಿಲ್ಲ. ಅದನ್ನು ದೊಡ್ಡದಾಗಿ ಅಚ್ಚು ಮಾಡಿಸಬೇಕು.

ಆರು ತಿಂಗಳ ಬಳಿಕ ಮತ್ತೆ ತಪಾಸಣೆ ಆಯಿತು. ಬಿ12 ಈಗ 560. ನಾಲಗೆ ಸರಿಯಾಗಿದೆ, ಸಾರಿಗೆ ಮೊದಲಿನಷ್ಟೇ ಮೆಣಸು. ಬಯೋಥೀಸಿಯೋಮೀಟರಿನಲ್ಲಿ ಬಲಗಾಲು 16, ಎಡಗಾಲು 24. ರಾತ್ರಿಯ ಇರುವೆ ಹೆಚ್ಚುಕಡಿಮೆ ಹೋಗಿದೆ. ಎಡಗಾಲಿನ ಹೆಬ್ಬೆರಳಿಗೆ ಆ ನೈಲಾನ್ ಎಳೆ ಈಗಲೂ ತಿಳಿಯುವುದಿಲ್ಲ. ಅದು ಬಹುಶಃ ಹಾಗೆಯೇ ಉಳಿಯುತ್ತದೆ ಎಂದಿದ್ದಾರೆ, ನಾನೂ ಒಪ್ಪಿಕೊಂಡಿದ್ದೇನೆ. ಕೈ ಮಾತ್ರ ಬಂದಿದೆ. ಮೊನ್ನೆ ಮದುವೆಯ ಹಂಗಾಮಿನಲ್ಲಿ ಕಣ್ಣು ಬಾಗಿಲ ಕಡೆ ಇಟ್ಟುಕೊಂಡೇ ಎರಡು ಚೆಂಡು ಕಟ್ಟಿ ಮುಗಿಸಿದೆ. ಮಡಿಲಲ್ಲಿ ತುಂಡಾದ ತೊಟ್ಟು ಮೂರೋ ನಾಲ್ಕೋ ಇದ್ದವು.

ಮೊದಲ ಜೊತೆಯ ರಬ್ಬರು ಹಿಮ್ಮಡಿಯ ಕೆಳಗೆ ಕುಗ್ಗಿರುವುದರಿಂದ ಇನ್ನೊಂದು ಜೊತೆಗೆ ಅಳತೆ ಕೊಟ್ಟು ಬಂದಿದ್ದೇನೆ. ಈ ಸಲ ವೆಲ್ಕ್ರೋ ಬೇಡ, ಕೊಕ್ಕೆ ಹಾಕಿ, ಪಟ್ಟಿಯ ಒಳಗೆ ಬಟ್ಟೆಯ ಬದಲು ತೊಳೆದರೆ ಒಣಗುವಂಥದ್ದು ಹಾಕಿ ಎಂದು ಬರೆಸಿದ್ದೇನೆ. ಚಪ್ಪಲಿ ಹೊಲಿಯುವವರು ಆಗಬಹುದು ಎಂದಿದ್ದಾರೆ.